ನಾಲ್ಕನೇ ಡೇರೆಯ ಬಿಸಿನೀರು

ನನ್ನ ಕೆಲಸ ಬಿಸಿನೀರು ಹೊರುವುದು. ಮಾರಾ ಕಾಡಿನಲ್ಲಿ ಸಿಂಹ, ಆನೆ ನೋಡಲು ನಮ್ಮ ಕ್ಯಾಂಪಿಗೆ ಬಂದವರು ಡೇರೆಯೊಳಗಿನ ಬಚ್ಚಲಲ್ಲಿ ಕಾಯುತ್ತಾ ನಿಂತಿರುತ್ತಾರೆ. ನಾನು ಹಿಂಬದಿಯಲ್ಲಿ, ಹೊರಗೆ, ಬಕೆಟಿಗೆ ನೀರು ಸುರಿದು ಹಗ್ಗ ಎಳೆದು ಅವರ ತಲೆಯ ಮೇಲಕ್ಕೆ ಏರಿಸುತ್ತೇನೆ. "ನೀರು ಬಂತು!" ಎಂದು ಕೂಗುತ್ತೇನೆ. ಒಳಗಿನಿಂದ "ಅಯ್ಯೋ, ಸುಟ್ಟೆಯಲ್ಲಪ್ಪಾ" ಎಂದೋ, "ಇದೇನು, ತಣ್ಣೀರಾ?" ಎಂದೋ ಉತ್ತರ ಬರುತ್ತದೆ. ನಡುವೆ ಇರುವುದು ಬರೀ ಒಂದು ಕ್ಯಾನ್ವಾಸು. ಎಷ್ಟೋ ದೇಶದವರ ಬೈಗುಳ ಕೇಳಿದ್ದೇನೆ, ಬೈದವರ ಮುಖ ನೋಡುವುದು ಮಾತ್ರ ಸಂಜೆ ಊಟದ ಹೊತ್ತಿಗೆ.

ಡೇರೆ ಎಂದಕೂಡಲೇ ಹರಕು ಟಾರ್ಪಾಲು ನೆನೆಸಿಕೊಳ್ಳಬೇಡಿ. ಒಳಗೆ ಗರಿ ತುಂಬಿದ ದಿಂಬು, ಕಾಲಡಿಗೆ ಜಮಖಾನ, ಹಾಸಿಗೆ ಬೆಚ್ಚಗಿರಲೆಂದು ಬಿಸಿನೀರು ತುಂಬಿದ ರಬ್ಬರ್ ಚೀಲ, ಸೂರ್ಯ ಹುಟ್ಟುವ ಮುಂಚೆ ಕಾಫಿ, ಬಿಸ್ಕತ್ತು. ಟವೆಲನ್ನು ಆನೆಯ ಆಕಾರಕ್ಕೆ ಮಡಿಸಿ ಮಂಚದ ಮೇಲೆ ಇಡುವುದೂ ನನ್ನ ಪಾಲಿಗೇ ಬಂದಿದೆ. ಹೊರಗೆ ಜೀವಂತ ಆನೆ ಮರ ಮುರಿಯುತ್ತಿರುವಾಗ ಟವೆಲಿನ ಆನೆ ಯಾರಿಗೆ ಬೇಕು ಸ್ವಾಮಿ? ಇಷ್ಟೆಲ್ಲ ಸುಖಪಟ್ಟು, ಹೊರಡುವಾಗ "ಕಾಡಿನಲ್ಲಿ ಒರಟು ಬದುಕು ಬದುಕಿದೆವು" ಎನ್ನುತ್ತಾರೆ. ಅನ್ನಲಿ ಬಿಡಿ, ನನ್ನ ಗಂಟೇನು ಹೋಗಬೇಕು.

ಗೋಡೆಯ ಆಚೆ ಇರುವವರ ಜೊತೆ ಮಾತಾಡುವುದು ನನಗೆ ಮನೆಯಿಂದಲೇ ಅಭ್ಯಾಸ. ನಮ್ಮ ಮಾಸಾಯಿಗಳಲ್ಲಿ ಅತ್ತೆ ಅಳಿಯ ಒಬ್ಬರ ಮುಖ ಒಬ್ಬರು ನೋಡುವಂತಿಲ್ಲ. ನಾನು ಅತ್ತೆಯ ಗುಡಿಸಲಿಗೆ ಹೋದರೆ ಅವರು ಒಳಗಿನ ಮಂಚದ ಕಡೆ ಸರಿದುಬಿಡುತ್ತಾರೆ. ಮಾತೆಲ್ಲ ನಡುಗೋಡೆಯ ಮೂಲಕವೇ. ಹೆಸರು ಹಿಡಿದು ಕರೆಯುವಂತೆಯೂ ಇಲ್ಲ. ಮದುವೆಯಲ್ಲಿ ಅವರಿಗೆ ನಾನೊಂದು ಹೆಣ್ಣುಕುರಿ ಕೊಟ್ಟೆ. ಅಂದಿನಿಂದ ಅವರು ನನಗೆ 'ಪಾಕೆರ್', ನಾನೂ ಅವರಿಗೆ 'ಪಾಕೆರ್'. ಕುರಿಯ ನಂಟಸ್ತಿಕೆ ಅಂದುಕೊಳ್ಳಿ.

ಮುಖ ಕಾಣದಿದ್ದರೇನು, ಅವರ ನಾಲಿಗೆಯ ಪರಿಚಯ ನನಗೆ ಚೆನ್ನಾಗಿಯೇ ಇತ್ತು. "ಪಾಕೆರ್, ನೀವು ಕೊಟ್ಟ ಕುರಿ ನಿಮ್ಮ ಹಾಗೇನೇ. ಹಗಲೆಲ್ಲಾ ಮೇಯುತ್ತೆ, ಸಂಜೆ ಬಂದು ಹಸಿವು ಅನ್ನುತ್ತೆ" ಎಂದು ಆ ಕಡೆಯಿಂದ ಚುಚ್ಚುತ್ತಿದ್ದರು. ಈ ಕಡೆ ನನ್ನ ಹೆಂಡತಿ ಬಾಯಿಗೆ ಹೊದಿಕೆ ಒತ್ತಿಕೊಂಡು ನಗುತ್ತಿದ್ದಳು.

ಅದು ನವೆಂಬರಿನ ಮಳೆ. ಅಂಥ ಮಳೆಗೆ ಯಾವ ಪ್ರವಾಸಿ ಬರುತ್ತಾನೆ? ಡೇರೆಗಳೆಲ್ಲ ಖಾಲಿ. ಹೊಳೆಯ ಕಡೆಗಿರುವ ನಾಲ್ಕನೇ ಡೇರೆಯಲ್ಲಿ ಮಾತ್ರ ಮಾರ್ಗಿಟ್ ಎಂಬ ನಾರ್ವೆಯ ಅಜ್ಜಿ ಒಬ್ಬರೇ ಇದ್ದರು. ಗಂಡ ಸತ್ತ ಮೇಲೆ ಒಂಟಿಯಾಗಿ ಬಂದವರು. ನನ್ನ ತುಂಬು ಬಸುರಿ ಹೆಂಡತಿ ಮನೆಯಲ್ಲಿ ಅತ್ತೆಯ ಜೊತೆಗಿದ್ದಳು. ಆ ಬೆಳಿಗ್ಗೆ ನಾನು ಅವರ ಕಾಫಿ ಹಿಡಿದು ಹೋದಾಗ ಜಗಲಿಯ ಕುರ್ಚಿ ಖಾಲಿಯಾಗಿತ್ತು. ಡೇರೆಯೊಳಗಿನಿಂದ ನರಳುವ ಸದ್ದು ಬಂತು. ಅದು ಅಜ್ಜಿಯ ದನಿಯಲ್ಲ. ನನ್ನ ಹೆಂಡತಿಯ ದನಿ.

ಟ್ರೇ ಕೈಯಿಂದ ಜಾರಿತು. ಪರದೆ ಸರಿಸಬೇಕು ಅನ್ನುವಷ್ಟರಲ್ಲಿ ಒಳಗಿನಿಂದ, "ಪಾಕೆರ್, ಅಲ್ಲೇ ನಿಲ್ಲಿ! ನಾನಿದೀನಿ ಒಳಗೆ!" ಎಂದು ಅತ್ತೆ ಕೂಗಿದರು. ನನ್ನ ಕಾಲು ಅಲ್ಲೇ ನಿಂತಿತು.

"ಏನಾಯ್ತು ಪಾಕೆರ್? ಇಲ್ಲಿಗ್ಯಾಕೆ ಬಂದ್ರಿ?"

"ನಿನ್ನೆಯಿಂದ ನೋವು ತಿಂತಾ ಇದಾಳೆ. ಮಗು ಇಳೀತಾ ಇಲ್ಲ. ಆಸ್ಪತ್ರೆಗೆ ಅಂತ ಹೊರಟ್ವಿ. ಹೊಳೆ ದಾಟೋ ಹಾಗಿಲ್ಲ. ಇಲ್ಲಿಗೆ ಬರೋಷ್ಟರಲ್ಲಿ ಕುಸಿದುಬಿದ್ಳು. ಈ ಬಿಳೀ ಅಜ್ಜೀನೂ ನಾನೂ ಸೇರಿ ಎತ್ಕೊಂಡು ಬಂದು ಅಜ್ಜಿ ಹಾಸಿಗೇಲಿ ಮಲಗಿಸಿದ್ವಿ."

ನಮ್ಮ ಸುತ್ತಮುತ್ತಲಿನ ಅರ್ಧ ಮಕ್ಕಳು ಅತ್ತೆಯ ಕೈಯಲ್ಲೇ ಭೂಮಿಗೆ ಬಿದ್ದವರು. ಆಸ್ಪತ್ರೆ ಅಂದರೆ ಮೂಗು ಮುರಿಯುತ್ತಿದ್ದ ಹೆಂಗಸು ಅವರು. ಅವರೇ ಮಗಳನ್ನು ನಡೆಸಿಕೊಂಡು ಆಸ್ಪತ್ರೆಗೆ ಹೊರಟಿದ್ದಾರೆ ಅಂದರೆ ಇನ್ನು ಕೇಳುವುದೇನು?

ಆಫೀಸಿಗೆ ಓಡಿದೆ. ನಮ್ಮ ಮ್ಯಾನೇಜರ್ ಗಿಟೊಂಗ, ದೂರದ ಮೇರು ಊರಿನ ಕಡೆಯವನು, ಮಾಸಾಯಿಯಲ್ಲ, ಆಗಷ್ಟೇ ಚಹಾ ಬಗ್ಗಿಸಿಕೊಳ್ಳುತ್ತಿದ್ದ.

"ಅತಿಥಿಗಳ ಡೇರೇಲಿ ಹೆರಿಗೆನಾ? ಏನೋ ಇದು ಕೋಯಿನೆಟ್, ನಿಯಮ ಅಂತ ಒಂದಿದೆ ಕಣೋ" ಎಂದ.

"ನಿಮ್ಮ ನಿಯಮಕ್ಕೆ ಬೆಂಕಿ ಬೀಳ್ಲಿ! ವಿಮಾನ ತರಿಸ್ತೀರೋ ಇಲ್ವೋ?"

ಅವನು ನನ್ನ ಮುಖ ನೋಡಿದ. ಚಹಾ ಅಲ್ಲೇ ಬಿಟ್ಟು ರೇಡಿಯೋ ಕೈಗೆತ್ತಿಕೊಂಡ. ಒಳ್ಳೆಯ ಮನುಷ್ಯನೇ, ಬಾಯಿ ಮಾತ್ರ ಮೊದಲು ಆಡುತ್ತದೆ, ತಲೆ ಆಮೇಲೆ. ನೈರೋಬಿಯಿಂದ ಡಾಕ್ಟರ ವಿಮಾನ ಬರಲು ಒಪ್ಪಿತು. ಆದರೆ ಒಂದು ಮಾತು ಕೇಳಿದರು: ವಿಮಾನ ಇಳಿಯುವ ಬಯಲು ಹೇಗಿದೆ? ಕಪ್ಪು ಮಣ್ಣು ಅದು, ನೀರು ಕುಡಿದರೆ ಬೆಣ್ಣೆ. ಅದರ ಮೇಲೆ ಗಾಡಿ ಜೋರಾಗಿ ಓಡಿಸಿ ನೋಡಬೇಕು. ಚಕ್ರ ಹೂತರೆ ವಿಮಾನವಿಲ್ಲ.

ನನ್ನ ಓರಗೆಯ ಲೆಕಿಶೊನ್, ಪ್ರವಾಸಿಗಳಿಗೆ ಸಿಂಹ ತೋರಿಸುವ ಡ್ರೈವರು, ಗಾಡಿ ತೆಗೆದುಕೊಂಡು ಹೋದ. ಸ್ವಲ್ಪ ಹೊತ್ತಿಗೇ ರೇಡಿಯೋದಲ್ಲಿ ಅವನ ದನಿ ಬಂತು. "ಹೂತೋಯ್ತು ಮಾರಾಯ. ಅಚ್ಚಿನವರೆಗೂ ಹೂತೋಯ್ತು. ಬಿಸಿಲು ಬರಬೇಕು."

ಬಿಸಿಲು! ಆಕಾಶ ನೋಡಿದೆ. ಮೋಡ ಕಪ್ಪಗೆ ಕವಿದಿತ್ತು. ಎಂಕಾಯ್, ನೀನು ದೇವರೇ ಆಗಿದ್ದರೆ ಒಂದು ಗಳಿಗೆ ಈ ಹೊದಿಕೆ ತೆಗೆಯೇ ತಾಯಿ ಎಂದು ಬೇಡಿಕೊಂಡೆ. ಬೇಡಿಕೊಂಡದ್ದೋ ಬೈದದ್ದೋ, ಈಗ ಹೇಳಲಾರೆ.

ಮತ್ತೆ ನಾಲ್ಕನೇ ಡೇರೆಯ ಹಿಂಬದಿಗೆ ಬಂದು ನಿಂತೆ. ಮುಂಬಾಗಿಲಿಗೆ ಹೋಗುವಂತಿಲ್ಲ. ಗಂಡಸು ಹೆರಿಗೆಯ ಮನೆಗೆ ಕಾಲಿಡಬಾರದು. ಅದರ ಮೇಲೆ ಒಳಗೆ ಅತ್ತೆ. ನನಗೆ ಗೊತ್ತಿದ್ದದ್ದು ಒಂದೇ ಕೆಲಸ. ಸೌದೆ ತುಂಬಿ ನೀರು ಕಾಯಿಸಿದೆ. ಬಕೆಟಿಗೆ ಸುರಿದು ಹಗ್ಗ ಎಳೆದೆ.

"ಪಾಕೆರ್, ನೀರು ಬಂತು."

"ಹಾಂ, ಬರ್ಲಿ. ಇನ್ನೂ ಬೇಕು."

ಮತ್ತೆ ಕಾಯಿಸಿದೆ, ಮತ್ತೆ ಎಳೆದೆ. ಬಟ್ಟೆಯ ಆಚೆ ನನ್ನ ಹೆಂಡತಿ ಕೂಗುತ್ತಿದ್ದಳು. ನಮ್ಮ ಹೆಂಗಸರು ಸುಮ್ಮನೆ ಕೂಗುವವರಲ್ಲ. ಆ ಕೂಗು ಕಿವಿಗೆ ಬಿದ್ದಾಗಲೆಲ್ಲ ನನ್ನ ಕೈ ಹಗ್ಗವನ್ನು ಬಿಗಿಯಾಗಿ ಹಿಡಿಯುತ್ತಿತ್ತು, ಅವಳನ್ನೇ ಹಿಡಿದಿದ್ದೇನೆ ಅನ್ನುವ ಹಾಗೆ. ನಾರ್ವೆ ಅಜ್ಜಿ ತನ್ನ ಭಾಷೆಯಲ್ಲಿ ಏನೋ ಗುನುಗುತ್ತಿದ್ದರು. ಅತ್ತೆ ಮಾಸಾಯಿಯಲ್ಲಿ ಬೈಯುತ್ತಿದ್ದರು. "ಉಸಿರು ಬಿಡೇ, ಕತ್ತೆ! ನಾನು ನಿನ್ನ ಹೆರೋವಾಗ ಇಷ್ಟು ಸತಾಯಿಸಿರ್ಲಿಲ್ಲ."

"ನಿಮ್ಮಮ್ಮನ್ನ ಕೇಳ್ಬೇಕು ಅದನ್ನ" ಎಂದಳು ನನ್ನ ಹೆಂಡತಿ. ಅಂಥ ನೋವಿನಲ್ಲೂ ಮರುಮಾತು! ನನಗೆ ಜೀವ ಬಂದ ಹಾಗಾಯಿತು. ಬೈಗುಳಕ್ಕೆ ಉತ್ತರ ಕೊಡುವವಳಿಗೆ ಏನೂ ಆಗುವುದಿಲ್ಲ ಎಂದು ಸೌದೆಯ ಮುಂದೆ ಕೂತು ನನಗೆ ನಾನೇ ಹೇಳಿಕೊಂಡೆ.

ಮಧ್ಯಾಹ್ನದ ಹೊತ್ತಿಗೆ ಕೂಗು ನಿಂತಿತು. ನಾನು ಎದ್ದು ನಿಂತೆ. ಕ್ಯಾನ್ವಾಸಿಗೆ ಕಿವಿ ಒತ್ತಿದೆ. ಅತ್ತೆ ಮೆಲ್ಲಗೆ, ಯಾರಿಗೋ ಬುದ್ಧಿ ಹೇಳುವ ದನಿಯಲ್ಲಿ, "ಇನ್ನು ನಿನ್ನ ಜೀವ ನೀನು ನೋಡ್ಕೋ, ನನ್ನ ಜೀವ ನಾನು ನೋಡ್ಕೊಳ್ತೀನಿ" ಎಂದರು. ಹೊಕ್ಕುಳ ಬಳ್ಳಿ ಕತ್ತರಿಸುವಾಗ ನಮ್ಮ ಸೂಲಗಿತ್ತಿಯರು ಮಗುವಿಗೆ ಹೇಳುವ ಮಾತದು. ಹಿಂದೆಯೇ ಮಗು ಅತ್ತಿತು. ನಾನು ಬಕೆಟಿನ ಪಕ್ಕ ಕೂತು ಗೊಳೋ ಎಂದು ಅತ್ತುಬಿಟ್ಟೆ. ನಾಚಿಕೆಯೇನಿಲ್ಲ, ಅತ್ತದ್ದು ನಿಜ.

"ಹೆಣ್ಣು, ಪಾಕೆರ್" ಎಂದರು ಅತ್ತೆ. "ಮೂಗು ನಿಮ್ಮದೇ. ಪಾಪ ಮಗು."

ನಗು ಬಂತು. ಆ ನಗು ಇನ್ನೂ ಬಾಯಲ್ಲೇ ಇತ್ತು, ಅತ್ತೆಯ ದನಿ ಬದಲಾಯಿತು. "ಪಾಕೆರ್. ಬಿಸಿನೀರು ಸಾಕು. ಬಟ್ಟೆ. ಎಷ್ಟಿದ್ರೆ ಅಷ್ಟು ಬಟ್ಟೆ ತನ್ನಿ. ರಕ್ತ ನಿಲ್ತಾ ಇಲ್ಲ."

ಖಾಲಿ ಡೇರೆಗಳಿಗೆಲ್ಲ ನುಗ್ಗಿದೆ. ಮಡಿಸಿಟ್ಟ ಟವೆಲುಗಳು, ಹಾಸುಗಳು, ದಿಂಬಿನ ಚೀಲಗಳು, ಎಲ್ಲವನ್ನೂ ಬಾಚಿ ತಂದು ಕ್ಯಾನ್ವಾಸಿನ ಅಡಿಯಿಂದ ಒಳಗೆ ತಳ್ಳಿದೆ. ಬಿಳಿ ಬಟ್ಟೆ ಒಳಗೆ ಹೋಗುತ್ತಿತ್ತು, ಕೆಂಪಾಗಿ ಹೊರಗೆ ಬರುತ್ತಿತ್ತು. ಗಿಟೊಂಗ ಓಡಿ ಬಂದು ರೇಡಿಯೋವನ್ನು ನನ್ನ ಕೈಗೇ ಕೊಟ್ಟ. ಆ ಕಡೆ ಡಾಕ್ಟರು.

"ಹೊಕ್ಕುಳಿನ ಸ್ವಲ್ಪ ಮೇಲೆ ಮುಷ್ಟಿ ಇಟ್ಟು ಒತ್ತಬೇಕು. ಬೆನ್ನುಮೂಳೆಗೆ ತಾಗೋ ಹಾಗೆ, ಮೈ ಭಾರ ಬಿಟ್ಟು. ಒತ್ತಿದ ಕೈ ತೆಗೀಬಾರದು. ನಾವು ಬರೋವರೆಗೂ ತೆಗೀಬಾರದು. ಗೊತ್ತಾಯ್ತಾ?"

ಬಟ್ಟೆಯ ಮೂಲಕ ಅದನ್ನು ಹಾಗೆಹಾಗೆಯೇ ಕೂಗಿ ಹೇಳಿದೆ. ಅತ್ತೆ ಒತ್ತಿದರು. ಬೆಳಗಿನಿಂದ ದುಡಿದ ಕೈ, ಮೇಲಾಗಿ ಗಂಟುಬಿದ್ದ ಮುದಿ ಕೈ. "ನಡುಗ್ತಾ ಇದೆ ಕೈ, ನಿಲ್ತಾ ಇಲ್ಲ" ಎಂದರು. ಮಾರ್ಗಿಟ್ ಅಜ್ಜಿ ಒತ್ತಿದರು. ಅವರದ್ದು ಹಕ್ಕಿಯ ಮೈ, ಭಾರವೇ ಇಲ್ಲ.

"ನಿಮ್ಮ ಕ್ಯಾಂಪಲ್ಲಿ ಒಬ್ಬ ಹೆಂಗಸೂ ಇಲ್ವಾ?" ಅತ್ತೆ ಕಿರುಚಿದರು.

ಇರಲಿಲ್ಲ. ಅಡಿಗೆಯವನಿಂದ ಕಾವಲಿನವನವರೆಗೆ ಎಲ್ಲ ಗಂಡಸರೇ. ಮಣಿ ಮಾರಲು ಬರುವ ಹೆಂಗಸರು ಹೊಳೆಯ ಆಚೆ ಸಿಕ್ಕಿಬಿದ್ದಿದ್ದರು.

ನನಗೆ ಏನು ಹೇಳಬೇಕೆಂದು ಗೊತ್ತಿತ್ತು, ಅತ್ತೆಗೂ ಗೊತ್ತಿತ್ತು. ನಾನು ಬಾಯಿ ತೆರೆಯಲಿಲ್ಲ. ಹುಟ್ಟಿದಾಗಿನಿಂದ ಮೈಗೆ ಹತ್ತಿದ ಮರ್ಯಾದೆ ಸ್ವಾಮಿ, ಅಷ್ಟು ಸುಲಭಕ್ಕೆ ಕಳಚುವುದಿಲ್ಲ. ಹೆಂಡತಿ ಸಾಯುತ್ತಿದ್ದಾಳೆ, ನಾನು ಮರ್ಯಾದೆ ನೋಡುತ್ತಾ ನಿಂತಿದ್ದೇನೆ. ಥೂ ನನ್ನ ಜನ್ಮಕ್ಕೆ.

"ಪಾಕೆರ್" ಎಂದರು ಅತ್ತೆ ಕೊನೆಗೆ. "ಒಳಗೆ ಬನ್ನಿ. ನಾನು ತಲೆ ಮೇಲೆ ಟವೆಲು ಹಾಕ್ಕೊಂಡಿದೀನಿ. ನನ್ನ ಕಡೆ ನೋಡ್ಬೇಡಿ, ನಾನೂ ನೋಡಲ್ಲ. ಬೇಗ ಬನ್ನಿ."

ಒಳಗೆ ಹೋದೆ. ಕಣ್ಣು ನೆಲದ ಮೇಲಿಟ್ಟುಕೊಂಡೇ ಹೋದೆ. ಜಮಖಾನವೆಲ್ಲ ಒದ್ದೆ. ಮಂಚದ ಪಕ್ಕ ಎರಡು ಕಪ್ಪು ಪಾದ, ಬೆರಳುಗಳು ಅಗಲವಾಗಿ ನೆಲಕ್ಕೂರಿದ್ದವು. ಅತ್ತೆಯ ಮೈಯಲ್ಲಿ ನಾನು ಕಂಡ ಮೊದಲ ಭಾಗ ಅದು. ಮೂಲೆಯಲ್ಲಿ ಮಾರ್ಗಿಟ್ ಅಜ್ಜಿ ಮಗುವನ್ನು ತನ್ನ ಉಣ್ಣೆಯ ಅಂಗಿಯಲ್ಲಿ ಸುತ್ತಿ ಎದೆಗವುಚಿಕೊಂಡು ಕೂತಿದ್ದರು. ಮಗಳ ಮುಖ ನೋಡಲೂ ನನಗೆ ಪುರುಸೊತ್ತಿರಲಿಲ್ಲ.

ಮುಷ್ಟಿ ಇಟ್ಟು ಒತ್ತಿದೆ.

"ಇನ್ನೂ ಮೇಲೆ" ಎಂದಿತು ಟವೆಲಿನೊಳಗಿನ ದನಿ. "ಅಲ್ಲ, ಅಷ್ಟು ಮೇಲಲ್ಲ. ಎಲ್ಲಿ ಒತ್ತಿದೀರಿ? ಅಯ್ಯೋ ನನಗೇನೂ ಕಾಣ್ತಾ ಇಲ್ಲವಲ್ಲಾ!"

"ಹೊಕ್ಕುಳ ಮೇಲೆ, ಪಾಕೆರ್."

"ರಕ್ತ? ರಕ್ತ ನಿಂತಿದ್ಯಾ?"

"ಗೊತ್ತಾಗ್ತಾ ಇಲ್ಲ ಪಾಕೆರ್. ನನಗೆ ಗೊತ್ತಾಗಲ್ಲ."

ಟವೆಲು ನೆಲಕ್ಕೆ ಬಿತ್ತು. ಅತ್ತೆ ಕಿತ್ತು ಎಸೆದಿದ್ದರು. ಬಗ್ಗಿ ನೋಡಿದರು, ನನ್ನ ಮುಷ್ಟಿಯತ್ತ ಬೆರಳು ತೋರಿಸಿ, "ಎಡಕ್ಕೆ ತಗೋ ಕೋಯಿನೆಟ್! ಮೈ ಭಾರ ಬಿಡು! ಗಂಡಸಲ್ವೇನೋ ನೀನು, ಒತ್ತು!" ಎಂದರು. ನೀವು ಹೋಗಿ ನೀನು ಆಯಿತು, ಕುರಿ ಹೋಗಿ ಹೆಸರು ಬಂತು. ತಲೆಯೆತ್ತಿದೆ. ನನ್ನ ಹೆಂಡತಿಯದೇ ಕಣ್ಣು, ಅದೇ ಗಲ್ಲ, ಮುದಿಯಾಗಿ ನನ್ನೆದುರು ನಿಂತಿತ್ತು.

ನಾನು ಒತ್ತಿದೆ. ರಕ್ತ ಸಣ್ಣದಾಯಿತು.

ನನ್ನವಳು ಕಣ್ಣು ಬಿಟ್ಟಳು. ತುಟಿ ಬೂದಿಯ ಬಣ್ಣಕ್ಕೆ ತಿರುಗಿತ್ತು. ನನ್ನನ್ನು ನೋಡಿದಳು, ಅವಳಮ್ಮನನ್ನು ನೋಡಿದಳು. "ಇಬ್ರೂ ಒಂದೇ ಕಡೆ" ಎಂದಳು. ನಗಲು ನೋಡಿದಳು. "ನಿನ್ನ ಕೈ ಬೆಚ್ಚಗಿದೆ."

"ನೀರು ಕಾಯಿಸ್ತಾ ಇದ್ನಲ್ಲೇ" ಎಂದೆ. ಅದಕ್ಕಿಂತ ಒಳ್ಳೆಯ ಮಾತು ನನಗೆ ಹೊಳೆಯಲಿಲ್ಲ. ಹೊಳೆಯಬೇಕಿತ್ತು.

ಆಗ ಕ್ಯಾನ್ವಾಸಿನ ಮೇಲೆ ಬೆಳಕು ಬಿತ್ತು. ಬಿಸಿಲು! ಹೊರಗೆ ಗಿಟೊಂಗ, "ಬಂತು, ಬಿಸಿಲು ಬಂತು!" ಎಂದು ಚಿಕ್ಕ ಮಗುವಿನ ಹಾಗೆ ಕುಣಿಯುವುದು ಕೇಳಿಸಿತು. ಬಯಲು ಒಣಗುವಷ್ಟರಲ್ಲಿ ತಲುಪುತ್ತೇವೆಂದು ವಿಮಾನ ಹೊರಟಿತಂತೆ. ಅಡಿಗೆಯವನು, ಕಾವಲಿನವರು ಹಾಸಿಗೆಯ ಸಮೇತ ಅವಳನ್ನು ಎತ್ತಿದರು. ನಾನು ಒತ್ತಿದ ಕೈ ತೆಗೆಯದೆ ಪಕ್ಕದಲ್ಲೇ ಓಡಿದೆ. ಮಗು ಮಾರ್ಗಿಟ್ ಅಜ್ಜಿಯ ಮಡಿಲಲ್ಲೇ ಉಳಿಯಿತು. ಲೆಕಿಶೊನ್ ಹೇಗೋ ಕೆಸರಿನಿಂದ ಗಾಡಿ ಎಬ್ಬಿಸಿಕೊಂಡು ಬಂದು, ಸೀಟುಗಳನ್ನು ಕಿತ್ತೆಸೆದು ಜಾಗ ಮಾಡಿದ್ದ. ನಾನು ಒಂದು ಬದಿ ಮಂಡಿಯೂರಿದೆ, ಅತ್ತೆ ಎದುರು ಬದಿ. ಮುಖಕ್ಕೆ ಮುಖ ಕೊಟ್ಟು ಕೂತೆವು. ದಾರಿಯಲ್ಲಿ ಕಂಡ ದನ ಕಾಯುವ ಮುದುಕನೊಬ್ಬ ನಮ್ಮನ್ನು ನೋಡಿ ಮುಖ ತಿರುಗಿಸಿಕೊಂಡ. ತಿರುಗಿಸಿಕೊಳ್ಳಲಿ.

ಬಯಲು ತಲುಪಿದಾಗ ಅಲ್ಲಿ ಜೀಬ್ರಾಗಳ ಹಿಂಡು ಮೇಯುತ್ತಿತ್ತು. ವಿಮಾನ ತಲೆಯ ಮೇಲೆ ಸುತ್ತು ಹಾಕುತ್ತಿತ್ತು. ಗಾಡಿಯಲ್ಲಿ ಓಡಿಸೋಣವೆಂದರೆ ಕುಲುಕಿದರೆ ಇವಳಿಗೆ ಅಪಾಯ. ಲೆಕಿಶೊನ್ ಇಳಿದು, ಕೆಂಪು ಹೊದಿಕೆ ಬೀಸುತ್ತಾ, "ಹೋಗ್ರೋ ಹಾಳಾದವುಗಳಾ, ಇಡೀ ಮಾರಾ ಬಿಟ್ಟು ಇಲ್ಲೇ ಬೇಕಿತ್ತಾ ನಿಮಗೆ!" ಎಂದು ಒಬ್ಬನೇ ಆ ಕೆಸರಿನಲ್ಲಿ ಓಡಿದ. ಹಿಂಡು ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಯಿತು, ಮತ್ತೆ ಬಂತು. ವಿಮಾನ ಕೆಳಗಿಳಿಯಿತು, ಮತ್ತೆ ಮೇಲೆದ್ದಿತು. ಇವುಗಳ ಆಟ ನೋಡಲು ಪ್ರವಾಸಿಗಳು ಸಮುದ್ರ ದಾಟಿ ಬರುತ್ತಾರಲ್ಲ, ಆ ಪ್ರಾಣಿಗಳ ಮೇಲೆ ಆ ಹೊತ್ತು ನನಗೆ ಬಂದ ಸಿಟ್ಟು ಇವತ್ತಿಗೂ ಇಳಿದಿಲ್ಲ.

"ಚಳಿ" ಎಂದಳು ಅವಳು.

ಅತ್ತೆ ತಮ್ಮ ಹೊದಿಕೆ ಬಿಚ್ಚಿ ಹೊದಿಸಿದರು. ನಾನು ಹೆಸರು ಹಿಡಿದು ಕೂಗಿದೆ. "ಹೂಂ" ಎಂದಳು. ಮತ್ತೆ ಕೂಗಿದೆ. "ಹೂಂ." ಮಗಳಿಗೆ ನನ್ನ ಮೂಗಂತೆ ಕಣೇ, ನಿಮ್ಮಮ್ಮ ಆಗಲೇ ಕೊಂಕು ಶುರು ಮಾಡಿದಾರೆ, ಎದ್ದು ಬಂದು ನೀನೇ ವಿಚಾರಿಸ್ಕೋ ಎಂದೆ. ಬಾಯಿಗೆ ಬಂದದ್ದೆಲ್ಲ ಹೇಳಿದೆ. ಭುಜ ಸೇದಿಹೋಗಿತ್ತು, ಕೈಯಲ್ಲಿ ಸ್ಪರ್ಶವೇ ಉಳಿದಿರಲಿಲ್ಲ. ಆದರೂ ಮುಷ್ಟಿ ಇಟ್ಟಲ್ಲೇ ಇತ್ತು. ಡಾಕ್ಟರು ತೆಗೆಯಬಾರದು ಅಂದಿದ್ದರು. ನಾನು ತೆಗೆಯದಿದ್ದರೆ ಅವಳು ಉಳಿಯುತ್ತಾಳೆ. ಅಷ್ಟೇ ತಾನೇ ಲೆಕ್ಕ? ಬೇರೆ ಯಾವ ಯೋಚನೆಗೂ ನನ್ನ ತಲೆಯಲ್ಲಿ ಜಾಗ ಕೊಡಲಿಲ್ಲ.

ಕೊನೆಗೂ ಜೀಬ್ರಾಗಳು ಮರಗಳ ಕಡೆ ಚದುರಿದವು. ವಿಮಾನ ಇಳಿಯಿತು, ಕೆಸರು ಹಾರಿಸುತ್ತಾ ಓಲಾಡುತ್ತಾ ಬಂದು ನಿಂತಿತು. ಬಾಗಿಲು ಪೂರ್ತಿ ತೆರೆಯುವ ಮುಂಚೆಯೇ ಒಬ್ಬ ನರ್ಸು ಹಾರಿದಳು. ಎಳೆ ವಯಸ್ಸಿನ ಹುಡುಗಿ, ಪಶ್ಚಿಮದ ಸರೋವರದ ಕಡೆಯವಳಿರಬೇಕು, ಮಾತಿನಲ್ಲೇ ಗೊತ್ತಾಗುತ್ತಿತ್ತು. ಚೀಲ ಎಳೆದುಕೊಂಡು ಓಡಿ ಬಂದು ಗಾಡಿ ಹತ್ತಿದಳು.

"ತುಂಬಾ ಚೆನ್ನಾಗಿ ಒತ್ತಿದೀರಿ ಅಣ್ಣಾ, ಹಾಗೇ ಇರಿ" ಎಂದಳು. ನನಗೆ ಎಷ್ಟು ಸಮಾಧಾನವಾಯಿತು! ಅಂತೂ ಬಂದರು. ಇನ್ನು ಇವರು ನೋಡಿಕೊಳ್ಳುತ್ತಾರೆ. ಇನ್ನು ನಾನು ಬರೀ ಒತ್ತಿ ಹಿಡಿದರೆ ಸಾಕು.

ಅವಳು ನನ್ನವಳ ಕುತ್ತಿಗೆಗೆ ಬೆರಳಿಟ್ಟಳು. ಬೆರಳನ್ನು ಸ್ವಲ್ಪ ಸರಿಸಿ ಮತ್ತೆ ಇಟ್ಟಳು. ಕೆನ್ನೆ ತಟ್ಟಿದಳು. "ಅಕ್ಕಾ! ಅಕ್ಕಾ, ಕೇಳಿಸ್ತಾ ಇದ್ಯಾ?" ಎಂದು ಬಗ್ಗಿ ಕೂಗಿದಳು. ಆಮೇಲೆ ನನ್ನ ಕಡೆ ತಿರುಗಿ, "ಇವರ ಹೆಸರೇನು? ಬೇಗ ಹೇಳಿ, ಹೆಸರು ಹಿಡಿದು ಕೂಗ್ತೀನಿ" ಎಂದಳು.

ಹೇಳಲು ನಾನು ಬಾಯಿ ತೆರೆದೆ.

ಅತ್ತೆಯ ಅಂಗೈ ನನ್ನ ಬಾಯಿ ಮುಚ್ಚಿತು. ಒರಟಾದ ಅಂಗೈ, ಇನ್ನೂ ರಕ್ತ ಅಂಟಿಕೊಂಡಿತ್ತು. ಅಷ್ಟು ಹೊತ್ತು ಎದುರುಬದುರು ಕೂತಿದ್ದರೂ ಅವರು ನನ್ನನ್ನು ಮುಟ್ಟಿರಲಿಲ್ಲ.

ನಮ್ಮಲ್ಲಿ ಹೋದವರ ಹೆಸರು ಎತ್ತುವುದಿಲ್ಲ.

"ಹೆಸರು ಹೇಳಿ ಅಣ್ಣಾ" ಎಂದು ನರ್ಸು ಮತ್ತೆ ಕೇಳಿದಳು. ಅತ್ತೆ ನನ್ನ ಬಾಯಿಂದ ಕೈ ತೆಗೆಯಲಿಲ್ಲ. ನಾನೂ ಒತ್ತಿದ ಕೈ ತೆಗೆಯಲಿಲ್ಲ.